ಆನೆ ಪಕ್ಷದ ಬೀಗರೂ ಹಸಿರು ಗಾಜಿನ ಬಳೆಯೂ

ನನಗೆ ಮೊಮ್ಮಗಳು ಹುಟ್ಟಿದ್ದಾಳೆ! ನಿನ್ನೆ ಬೆಳಿಗ್ಗೆ, ಪುಚೊಂಗಿನ ಆಸ್ಪತ್ರೆಯ ನಾಲ್ಕನೇ ಮಹಡಿಯಲ್ಲಿ, ನಾನು ಕೂತಿದ್ದ ಕುರ್ಚಿಯಿಂದ ಹತ್ತೇ ಹೆಜ್ಜೆ ದೂರದಲ್ಲಿ, ಒಂದು ಬಾಗಿಲ ಆಚೆ ಹುಟ್ಟಿದಳು. ಅಮೆರಿಕದಲ್ಲಿ ಅಲ್ಲ. ಇದನ್ನು ಇನ್ನೊಂದು ಸಲ ಬರೆಯುತ್ತೇನೆ, ಬರೆದಷ್ಟೂ ಬಾಯಿ ಸಿಹಿಯಾಗುತ್ತದೆ: ಅಮೆರಿಕದಲ್ಲಿ ಅಲ್ಲ, ಪುಚೊಂಗಿನಲ್ಲಿ.

ತಲೆ ತುಂಬ ಕೂದಲು. ಎರಡು ಮುಷ್ಟಿಯೂ ಬಿಗಿ. ಅಳು ಎಂದರೆ ಕಾರಿಡಾರಿನ ಆ ತುದಿಯಲ್ಲಿ ನೀರು ಕುಡಿಯುತ್ತಿದ್ದವರೂ ತಿರುಗಿ ನೋಡಬೇಕು, ಹಾಗೆ. ನರ್ಸಮ್ಮ ಹಳದಿ ಬಟ್ಟೆಯಲ್ಲಿ ಸುತ್ತಿಕೊಂಡು ಬಂದು "ನೆನೆಕ್, ನೆನೆಕ್" ಎಂದು ಕರೆದಳು. ಇಲ್ಲಿಯ ಮಲಾಯ್ ಮಾತಿನಲ್ಲಿ ನೆನೆಕ್ ಎಂದರೆ ಅಜ್ಜಿ. ಈ ದೇಶದಲ್ಲಿ ಇಷ್ಟು ವರ್ಷ ಇದ್ದು ಆಂಟಿ ಆಗಿದ್ದೆ, ಅಕ್ಕ ಆಗಿದ್ದೆ, ನೆನೆಕ್ ಆಗಿರಲಿಲ್ಲ. ಮಗುವನ್ನು ಕೈಗೆ ಕೊಟ್ಟಾಗ ಅದರ ಕಿವಿಯ ಹತ್ತಿರ ಬಾಗಿ ನಾನು ಮೊದಲು ಹೇಳಿದ್ದು ದೇವರ ಹೆಸರಲ್ಲ. "ಬಂದ್ಯಾ ಕಂದಾ, ಆ ದರಿದ್ರದ ಕಡೆ ಹೋಗ್ದೆ ನನ್ನ ಹತ್ರಾನೇ ಬಂದ್ಯಾ" ಎಂದೆ. ದೇವರು ಕ್ಷಮಿಸುತ್ತಾನೆ. ಅವನೂ ಇಷ್ಟು ದಿನ ನಮ್ಮ ಬೀಗರ ಮಾತು ಕೇಳಿಸಿಕೊಂಡವನೇ.

ಬೀಗರ ವಿಷಯ ಹೇಳದಿದ್ದರೆ ಈ ಸಂತೋಷ ಯಾರಿಗೂ ಅರ್ಥವಾಗುವುದಿಲ್ಲ.

ನಮ್ಮ ಯಜಮಾನರು ಮೈಸೂರಿನಿಂದ ಈ ದೇಶಕ್ಕೆ, ಬ್ರಿಕ್‌ಫೀಲ್ಡ್ಸಿನ ಒಂದು ಸಸ್ಯಾಹಾರಿ ಹೋಟೆಲಿಗೆ ಅಡುಗೆಯವರಾಗಿ ಬಂದವರು. ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ನಾನು ಆಮೇಲೆ ಬಂದೆ. ಅವರು ಅಲ್ಲಿ ದೋಸೆ ಹೊಯ್ದು, ನಾನು ಇಲ್ಲಿ ಮನೆಯಲ್ಲಿ ಹಿಟ್ಟು ರುಬ್ಬಿ ಮಾರಿ ಒಬ್ಬಳೇ ಮಗಳನ್ನು ಓದಿಸಿದೆವು. ಅವಳೀಗ ಚಿಕ್ಕ ಮಕ್ಕಳ ಶಾಲೆಯಲ್ಲಿ ಟೀಚರು. ಅಳಿಯಂದಿರು ಒಳ್ಳೆಯವರು. ಕುಂದು ಒಂದೇ, ಅವರ ಅಪ್ಪನ ಎದುರು ನಾಲಿಗೆ ಹೊರಳುವುದಿಲ್ಲ. ಆ ಅಪ್ಪನೇ ನಮ್ಮ ಬೀಗರು. ದೊಡ್ಡ ಕಂಪನಿಯಲ್ಲಿ ದೊಡ್ಡ ಕುರ್ಚಿಯ ಮೇಲೆ ಕೂತು ನಿವೃತ್ತರಾದವರು. ಬಾಂಗ್ಸಾರಿನಲ್ಲಿ ಮನೆ, ಮನೆ ತುಂಬ ಏಸಿ, ಗೋಡೆಯಷ್ಟು ಅಗಲದ ಟಿವಿ. ಬೆಳಗಾದರೆ ಆ ಟಿವಿಯಲ್ಲಿ ಅಮೆರಿಕ, ಮಧ್ಯಾಹ್ನ ಅಮೆರಿಕ, ಸಂಜೆ ದೀಪ ಹಚ್ಚುವಾಗಲೂ ಅಮೆರಿಕ. ಬೀಗಿತ್ತಿ ಪಾಪ, ದೇವರ ಮುಂದೆ ನಿಂತು ಆರತಿ ಎತ್ತುತ್ತಿದ್ದರೆ ಹಿಂದಿನಿಂದ ಟೈ ಕಟ್ಟಿದ ನಾಲ್ಕು ಜನ ಒಟ್ಟಿಗೆ ಕಿರುಚುತ್ತಿರುತ್ತಾರೆ.

ಬೀಗರು ಬರೀ ನೋಡಿದ್ದರೆ ನಾನು ಏನೂ ಅನ್ನುತ್ತಿರಲಿಲ್ಲ. "ಈ ಸಲ ನಾವು ಗೆಲ್ತೀವಿ" ಎನ್ನುತ್ತಿದ್ದರು. ನಾವು! ಅಲ್ಲಿ ಇರುವುದು ಎರಡು ಪಕ್ಷವಂತೆ. ಒಂದರ ಗುರುತು ಆನೆ, ಇನ್ನೊಂದರ ಗುರುತು ಕತ್ತೆ. ಹೆಸರುಗಳು ನನಗೆ ಬಾಯಿಗೆ ಹಿಡಿಯುವುದಿಲ್ಲ, ಗುರುತು ಹಿಡಿಯುತ್ತದೆ. ಊರಿನಲ್ಲಿ ನಾನು ಓಟು ಹಾಕಿದ್ದೂ ಗುರುತು ನೋಡಿಕೊಂಡೇ. ಆದರೆ ಕತ್ತೆಯನ್ನು ಯಾರಾದರೂ ತಾವಾಗಿ ಗುರುತು ಎಂದು ಇಟ್ಟುಕೊಳ್ಳುತ್ತಾರೆಯೇ? ಮೊದಲ ಸಲ ಕೇಳಿದಾಗ ಬಿದ್ದು ಬಿದ್ದು ನಕ್ಕಿದ್ದೆ. ನಮ್ಮ ಬೀದಿಗೆ ಯಾರಾದರೂ ಕತ್ತೆ ಗುರುತಿಗೆ ಓಟು ಕೊಡಿ ಎಂದು ಬಂದಿದ್ದರೆ ನಮ್ಮತ್ತೆ ಅವರಿಗೆ ಮಜ್ಜಿಗೆ ಕೊಟ್ಟು, ಬಿಸಿಲು ಇಳಿಯುವವರೆಗೆ ಜಗಲಿಯ ಮೇಲೆ ಮಲಗಿಸಿ ಕಳಿಸುತ್ತಿದ್ದರು.

ಬೀಗರು ಆನೆ. ಬೀಗರು ಆನೆ ಎಂಬ ಒಂದೇ ಕಾರಣಕ್ಕೆ ನಮ್ಮ ಯಜಮಾನರು ಕತ್ತೆ.

ಅಲ್ಲಿ ರಾತ್ರಿ ಓಟು ಎಣಿಸಿದರೆ ನಮಗೆ ಇಲ್ಲಿ ಬೆಳಗಿನ ತಿಂಡಿಯ ಹೊತ್ತು. ಆ ಎಣಿಕೆಯ ದಿನ ಬೀಗರು ತಮ್ಮ ಗೋಡೆ ಟಿವಿ ಬಿಟ್ಟು ರೈಲು ಹತ್ತಿ ಪುಚೊಂಗಿಗೆ ಬಂದರು. ನಮ್ಮ ಮನೆಯ ಕೆಳಗೆ ಒಂದು ಮಾಮಕ್ ಅಂಗಡಿ ಇದೆ. ತಮಿಳು ಸಾಯಿಬರು ನಡೆಸುತ್ತಾರೆ, ರೊಟ್ಟಿ ಚಹಾ ಯಾವ ಹೊತ್ತಿಗೂ ಸಿಗುತ್ತದೆ, ಎಲ್ಲರಿಗೂ ಕಾಣುವ ಹಾಗೆ ಒಂದು ಟಿವಿ ಇದೆ. ನನ್ನ ಗಂಡ ಸೋಲುವುದನ್ನು ಹತ್ತಿರದಿಂದ ನೋಡಬೇಕಿತ್ತು ಬೀಗರಿಗೆ. ನಾನೂ ಹೋಗಿ ಕೂತೆ. ಮನೆಯಲ್ಲಿ ಒಬ್ಬಳೇ ಏನು ಮಾಡಲಿ.

"ಒಟ್ಟು ಯಾರಿಗೆ ಓಟು ಜಾಸ್ತಿ ಬರುತ್ತೋ ಅವ್ರು ಗೆಲ್ತಾರೆ ತಾನೇ?" ಎಂದೆ.

"ಹಂಗಲ್ಲಮ್ಮಾ ಅದು," ಎಂದರು ಬೀಗರು, ರೊಟ್ಟಿ ಮುರಿದು ಸಾರಿನಲ್ಲಿ ಅದ್ದುತ್ತ. "ಅಲ್ಲಿ ಸ್ಟೇಟ್ ಲೆಕ್ಕ. ಓಟು ಜಾಸ್ತಿ ಬಂದೋರೂ ಸೋಲ್ಬಹುದು. ಆರೇಳು ಸ್ಟೇಟ್ ಇದಾವೆ, ಅವು ಯಾವ ಕಡೆ ವಾಲುತ್ತೋ ಅದೇ ಫೈನಲ್ಲು."

"ಮಿಕ್ಕವ್ರು?"

"ಮಿಕ್ಕವರ್ದು ಮೊದ್ಲೇ ಗೊತ್ತಿರತ್ತೆ."

"ಗೊತ್ತಿದ್ಮೇಲೆ ಅವ್ರು ಯಾಕೆ ಸಾಲಲ್ಲಿ ನಿಂತು ಕಾಲು ನೋಯಿಸ್ಕೋತಾರೆ?"

ನಮ್ಮ ಯಜಮಾನರು ಕಿಸಕ್ಕನೆ ನಕ್ಕರು. ಬೀಗರಿಗೆ ಸಿಟ್ಟು ಬಂತು. "ಅದು ಪ್ರಪಂಚದಲ್ಲೇ ದೊಡ್ಡ ಡೆಮಾಕ್ರಸಿ" ಎಂದರು. "ದೊಡ್ಡದು ನಮ್ದಲ್ವಾ?" ಎಂದರು ಯಜಮಾನರು. "ನಮ್ದು ಜನಸಂಖ್ಯೆಯಲ್ಲಿ ದೊಡ್ದು, ಅದು ಕ್ವಾಲಿಟಿಯಲ್ಲಿ" ಎಂದರು ಬೀಗರು. ಹೀಗೇ ಇಬ್ಬರೂ ಹತ್ತಿಕೊಂಡರು. ಅಂಗಡಿಯ ಸಾಯಿಬರು ಚಹಾ ಇಡುವಾಗ ನಿಂತು ನೋಡಿ, ತಮಿಳಿನಲ್ಲಿ, ಯಾರು ಗೆದ್ದರೂ ನನ್ನ ಗ್ಯಾಸಿನ ಬೆಲೆ ಇಳಿಯುತ್ತದೆಯೇ ಅಂಕಲ್ ಎಂದು ಕೇಳಿದರು. ಅಷ್ಟು ಹೊತ್ತಿನಲ್ಲಿ ಕೇಳಿದ ಬುದ್ಧಿಯ ಮಾತು ಅದೊಂದೇ.

ನನಗೆ ತಡೆಯಲಾಗಲಿಲ್ಲ. "ಇಬ್ರೂ ಕೇಳಿ ಸ್ವಲ್ಪ. ನಿಮಗೆ ಅಮೆರಿಕದಲ್ಲಿ ಓಟು ಇದ್ಯಾ?"

ಇಲ್ಲ.

"ಈ ಊರಲ್ಲಿ?"

ಇಲ್ಲ. ನಾವು ಇಲ್ಲಿ ಎಷ್ಟು ವರ್ಷ ಇದ್ದರೂ ಹೊರಗಿನವರೇ. ಇಲ್ಲಿ ಚುನಾವಣೆ ಬಂದಾಗ ಎದುರುಮನೆಯ ಮಲಾಯ್ ಅಕ್ಕ ಬೆರಳಿನ ಶಾಯಿ ತೋರಿಸಿಕೊಂಡು ಬರುತ್ತಾಳೆ, ನಾನು ಬಾಗಿಲಲ್ಲಿ ನಿಂತು ನೋಡುತ್ತೇನೆ.

"ನಮ್ಮ ದೇಶದಲ್ಲಿ?"

ಬೀಗರು ಕೆಮ್ಮಿದರು. ಓಟು ಹಾಕಬೇಕೆಂದರೆ ಅಲ್ಲಿಗೇ ಹೋಗಬೇಕು. ಯಾರು ಹೋಗಿದ್ದಾರೆ? ನನ್ನ ಹೆಸರಂತೂ ಪಟ್ಟಿಯಿಂದ ತೆಗೆದು ಕಾಲವಾಯಿತು.

"ಮೂರು ದೇಶದಲ್ಲಿ ಎಲ್ಲೂ ಒಂದು ಓಟಿಲ್ಲ, ಬೆಳಿಗ್ಗೆಯಿಂದ ಗೆದ್ವಿ ಸೋತ್ವಿ ಅಂತ ಕಿತ್ತಾಡ್ತಿದೀರಲ್ಲ, ನಾಚ್ಕೆ ಆಗಲ್ವಾ?" ಎಂದೆ.

"ಇವ್ಳಿಗೆ ಏನೂ ಗೊತ್ತಾಗಲ್ಲ ಬಿಡಿ" ಎಂದು ಯಜಮಾನರು ಬೀಗರ ಕಡೆ ವಾಲಿದರು. ಆನೆಯೂ ಕತ್ತೆಯೂ ಒಂದಾದದ್ದು ಆ ಒಂದು ನಿಮಿಷ.

ಆನೆಯವನು ಗೆದ್ದ. ಬೀಗರು ಅಲ್ಲಿದ್ದವರಿಗೆಲ್ಲ ಚಹಾ ಕುಡಿಸಿದರು. ಆ ಗೆದ್ದವನು ಅಧಿಕಾರಕ್ಕೆ ಬಂದ ದಿನವೇ ಕಾಗದಗಳಿಗೆ ದಪ್ಪ ಪೆನ್ನಿನಲ್ಲಿ ಸಹಿ ಹಾಕಿ, ಚಿತ್ರ ಬರೆದು ಟೀಚರಿಗೆ ತೋರಿಸುವ ಮಕ್ಕಳ ಹಾಗೆ ಒಂದೊಂದನ್ನೂ ಎತ್ತಿ ಹಿಡಿದ. ಅದರಲ್ಲಿ ಒಂದು ಕಾಗದ ಹೆರಿಗೆಯದು. ಆ ನೆಲದ ಮೇಲೆ ಹುಟ್ಟಿದ ಮಗು ಯಾರದೇ ಆಗಿರಲಿ ಆ ದೇಶದ್ದೇ ಆಗುತ್ತದೆ ಎಂದು ಅಲ್ಲಿ ಬಹಳ ಹಿಂದಿನಿಂದ ಕಾನೂನಿತ್ತಂತೆ. ಸುಮ್ಮನೆ ಬಂದು ಹೋಗುವವರ ಮಕ್ಕಳಿಗೆ ಇನ್ನು ಮೇಲೆ ಅದಿಲ್ಲ ಎಂದು ಆ ಕಾಗದ.

ಬೀಗರು ಸೋಫಾದಿಂದ ಎದ್ದು ಚಪ್ಪಾಳೆ ತಟ್ಟಿದರು. ಅವತ್ತು ನಾವು ಅವರ ಮನೆಯಲ್ಲೇ ಇದ್ದೆವು, ನನ್ನ ಕಣ್ಣಾರೆ ನೋಡಿದೆ. "ಕರೆಕ್ಟ್ ಕಣ್ರೀ! ಹೊಟ್ಟೆ ಮುಚ್ಕೊಂಡು ವಿಮಾನ ಹತ್ತೋದು, ಅಲ್ಲಿ ಹೆರೋದು, ಪಾಸ್‌ಪೋರ್ಟ್ ಎತ್ಕೊಂಡು ಬರೋದು. ಮಾನ ಮರ್ಯಾದೆ ಇಲ್ದಿರೋ ಜನ. ಇಂಥವನೇ ಬೇಕಿತ್ತು ಇವರಿಗೆ."

ಈ ಮಾತನ್ನು ಓದುವವರು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ನಾನು ಇಟ್ಟುಕೊಂಡೆ.

ಕೆಲವು ತಿಂಗಳಾದ ಮೇಲೆ ಮಗಳು ಬಸುರಿ ಎಂದು ತಿಳಿಯಿತು. ನನ್ನ ಸಂತೋಷಕ್ಕೆ ಮಿತಿ ಇಲ್ಲ. ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಿನದು. ಬಾಣಂತನ ತಾಯಿಯ ಕೈಯದು. ನಾನು ಆಗಲೇ ಬ್ರಿಕ್‌ಫೀಲ್ಡ್ಸಿಗೆ ಹೋಗಿ ಮೆಣಸು, ಓಮ, ಶುಂಠಿ ನೋಡಿಕೊಂಡು ಬಂದಿದ್ದೆ. ಮಗಳು ಶಾಲೆಯಲ್ಲಿ ಎರಡು ವರ್ಷದ ಮಕ್ಕಳ ಮೂಗು ಒರೆಸಿ ಬಂದು, ನನ್ನ ತೊಡೆಯ ಮೇಲೆ ತಲೆ ಇಟ್ಟು, "ಅಮ್ಮಾ, ನೀನು ಒಳಗೇ ಇರ್ತೀಯಾ ಅಲ್ವಾ, ನಂಗೆ ಭಯ ಆಗತ್ತೆ" ಎಂದಳು. ಇರ್ತೀನಿ ಎಂದೆ. ಕೊಟ್ಟ ಮಾತು ಅದೊಂದೇ.

ಅದೇ ವಾರ ಬೀಗರು ನಮ್ಮನ್ನು ಬಾಂಗ್ಸಾರಿಗೆ ಊಟಕ್ಕೆ ಕರೆದರು. ಪಾಯಸ ಬಡಿಸಿದ ಮೇಲೆ ಟಿವಿಯ ಸದ್ದು ಕಡಿಮೆ ಮಾಡಿದರು. ಸದ್ದು ಕಡಿಮೆ ಮಾಡಿದರು ಎಂದಾಗಲೇ ಏನೋ ಇದೆ ಎಂದುಕೊಂಡೆ.

"ನೋಡಿ, ನನ್ನ ತಂಗಿ ಅಲ್ಲೇ ಇದಾಳೆ ಅಮೆರಿಕದಲ್ಲಿ. ದೊಡ್ಡ ಮನೆ. ಡೆಲಿವರಿ ಅಲ್ಲೇ ಆಗ್ಲಿ. ಆ ಆರ್ಡರಿಗೆ ಕೋರ್ಟು ತಡೆ ಹಾಕಿದೆ. ಬಾಗ್ಲು ಇನ್ನೂ ತೆಗೆದಿದೆ, ಮುಚ್ಚೋ ಮೊದ್ಲು ನಮ್ಮ ಮಗು ಒಳಗಿರ್ಬೇಕು."

ನಾನು ಪಾಯಸದ ಬಟ್ಟಲು ಕೆಳಗಿಟ್ಟೆ. "ಬೀಗರೇ, ಹೊಟ್ಟೆ ಮುಚ್ಕೊಂಡು ವಿಮಾನ ಹತ್ತೋರು ಮಾನ ಇಲ್ದೋರು ಅಂದಿದ್ದು ನೀವೇ ಅಲ್ವಾ? ಇದೇ ಸೋಫಾ ಮೇಲೆ?"

"ಅದು ಬೇರೆಯವರ ವಿಷ್ಯ ಕಣಮ್ಮಾ. ನಾವು ಎಜುಕೇಟೆಡ್ಡು."

"ನಿಮ್ಮ ಆನೆಯವನೇ ಬೇಡ ಅಂತಿದಾನಲ್ಲ."

"ಅವನು ಹೇಳ್ತಿರೋದು ನಮಗಲ್ಲ."

ಇಂಥವರನ್ನು ಏನು ಮಾಡುವುದು? ಬಾಗಿಲು ಹಾಕು ಹಾಕು ಎಂದು ಹೊರಗೆ ನಿಂತು ಕೂಗುವವರು, ಹಾಕುವ ಮೊದಲು ತಮ್ಮ ಒಂದು ಕಾಲನ್ನು ಒಳಗೆ ತೂರಿಸಬೇಕು ಎನ್ನುವವರು. ನಮ್ಮ ಯಜಮಾನರ ಕಡೆ ನೋಡಿದೆ. ಕತ್ತೆ ಪಕ್ಷದವರು ಈಗಲಾದರೂ ಒದೆಯಬಾರದೇ? ಇಲ್ಲ. ಪಾಯಸದಲ್ಲಿ ಗೋಡಂಬಿ ಹುಡುಕುತ್ತಿದ್ದರು. ಅಳಿಯಂದಿರು "ಅಪ್ಪ ಎಲ್ಲಾ ವಿಚಾರಿಸಿದಾರೆ" ಎಂದು ತಟ್ಟೆಗೇ ಹೇಳಿದರು. ಮಗಳು ನನ್ನ ಮುಖ ನೋಡಿದಳು.

ಆಮೇಲೆ ಬೀಗರ ತಂಗಿಯ ಜೊತೆ ಫೋನಿನಲ್ಲಿ ಮುಖ ನೋಡಿಕೊಂಡು ಮಾತು. ಆಕೆ ಒಳ್ಳೆಯ ಹೆಂಗಸು, ಕೇಳಿದ್ದಕ್ಕೆ ಇದ್ದದ್ದು ಹೇಳಿದಳು. ಹೆತ್ತ ತಾಯಿಗೆ ಸಂಬಳದ ರಜೆ ಕೊಡಬೇಕು ಎಂದು ಇಡೀ ದೇಶಕ್ಕೆ ಒಂದು ಕಾನೂನು ಅಲ್ಲಿಲ್ಲವಂತೆ. ನೋವು ಬಂದರೂ ಆಂಬುಲೆನ್ಸ್ ಕರೆಯುವ ಮೊದಲು ಜನ ಯೋಚಿಸುತ್ತಾರಂತೆ. ಶಾಲೆಗೆ ಯಾರಾದರೂ ಬಂದೂಕು ಹಿಡಿದು ಬಂದರೆ ಹೇಗೆ ಅಡಗಿಕೊಳ್ಳಬೇಕೆಂದು ಚಿಕ್ಕ ಮಕ್ಕಳಿಗೂ ಅಭ್ಯಾಸ ಮಾಡಿಸುತ್ತಾರಂತೆ. ನನ್ನ ಮಗಳು ಟೀಚರಲ್ಲವೇ, ಅದನ್ನು ಕೇಳಿ ಎದ್ದು ಒಳಗೆ ಹೋದಳು.

"ಇಂಥ ಕಡೆ ಹುಟ್ಟಿಸೋಕೆ ಅಷ್ಟು ದೂರ ಹೋಗ್ಬೇಕಾ?" ಎಂದೆ.

"ಹುಟ್ಟೋಕೆ ಮಾತ್ರ. ಬೆಳ್ಯೋಕಲ್ಲ" ಎಂದರು ಬೀಗರು. ಆ ದೇಶವನ್ನು ಇಷ್ಟು ಹೊಗಳುವವರು ತಮ್ಮ ಮೊಮ್ಮಗುವನ್ನು ಅಲ್ಲಿ ಬೆಳೆಸಲು ಮಾತ್ರ ಒಪ್ಪುವುದಿಲ್ಲ. ಕಾಗದ ಬೇಕು, ದೇಶ ಬೇಡ.

ವೀಸಾಕ್ಕೆ ಅರ್ಜಿ ಹಾಕಿದರು. ಸಂದರ್ಶನಕ್ಕೆ ದಿನ ಸಿಕ್ಕಿದ್ದು ಏಳನೇ ತಿಂಗಳಿಗೆ. ಬೀಗರು ನನ್ನ ಮಗಳನ್ನು ಎದುರು ಕೂರಿಸಿಕೊಂಡು ಪಾಠ ಹೇಳಿಕೊಟ್ಟರು. ಅಗಲವಾದ ಟಾಪ್, ಅದರ ಮೇಲೆ ಕೋಟು. ಈ ಸೆಕೆಯಲ್ಲಿ ಕೋಟು! ಯಾಕೆ ಹೋಗುತ್ತೀಯ ಎಂದರೆ ಜಲಪಾತ ನೋಡಲು. ಯಾವಾಗ ಬರುತ್ತೀಯ ಎಂದರೆ ಎರಡು ವಾರಕ್ಕೆ. ಮಗಳು ಗಿಳಿಯ ಹಾಗೆ ಹೇಳಿ, ಮನೆಗೆ ಬಂದು ವಾಂತಿ ಮಾಡಿಕೊಳ್ಳುತ್ತಿದ್ದಳು.

ಅಷ್ಟರಲ್ಲಿ ಬೀಗಿತ್ತಿ ಒಂದು ಮಾತು ಎತ್ತಿದರು. "ಏಳನೇ ತಿಂಗ್ಳು. ವಿಮಾನ ಹತ್ತೋ ಮೊದ್ಲು ಬಳೆ ಶಾಸ್ತ್ರ ಮುಗಿಸ್ಬಿಡೋಣ. ಆಮೇಲೆ ಅಲ್ಲಿ ಯಾರು ಮಾಡ್ತಾರೆ?" ನಾನು ಒಪ್ಪಿದೆ. ಆ ಮನೆಯಲ್ಲಿ ನಾವಿಬ್ಬರೂ ಒಪ್ಪಿದ ವಿಷಯ ಅದೇ ಮೊದಲು. ಬ್ರಿಕ್‌ಫೀಲ್ಡ್ಸಿನ ಬಳೆ ಅಂಗಡಿಯಲ್ಲಿ ಹಸಿರು ಗಾಜಿನ ಬಳೆ ತಂದೆ. ಬಾಂಗ್ಸಾರಿನ ಮನೆಯಲ್ಲಿ ಮಗಳನ್ನು ಮಣೆಯ ಮೇಲೆ ಕೂರಿಸಿ, ಹೂ ಮುಡಿಸಿ, ಕೈಗೆ ಎಣ್ಣೆ ಸವರಿ ಮೊಣಕೈ ಹತ್ತಿರದವರೆಗೆ ತೊಡಿಸಿದೆವು. ಬಳೆಯ ಸದ್ದು ಹೊಟ್ಟೆಯಲ್ಲಿರುವ ಮಗುವಿಗೆ ಕೇಳಿಸಬೇಕು. ಹೆರಿಗೆಯಾಗುವವರೆಗೆ ಕೈಯಿಂದ ತೆಗೆಯುವ ಹಾಗಿಲ್ಲ. ಬೀಗರು ಸ್ವತಃ ಅಕ್ಷತೆ ಹಾಕಿದರು, ಫೋಟೋ ತೆಗೆದರು, ಒಬ್ಬಟ್ಟು ಮೂರು ತಿಂದರು.

ಸಂದರ್ಶನ ಅದಾದ ಮೂರನೇ ದಿನ. ಟಾಪ್ ನೆನಪಿತ್ತು, ಕೋಟು ನೆನಪಿತ್ತು, ಜಲಪಾತ ನೆನಪಿತ್ತು. ಎರಡು ಕೈ ತುಂಬ ಘಲಘಲ ಎನ್ನುವ ಹಸಿರು ಬಳೆ ಒಬ್ಬರ ಕಣ್ಣಿಗೂ ಬೀಳಲಿಲ್ಲ. ನಮ್ಮ ಕಣ್ಣಿಗೆ ಅದು ವಿಶೇಷವೇ ಅಲ್ಲವಲ್ಲ, ಬಸುರಿಯ ಕೈ ಎಂದರೆ ಹಾಗೇ ಇರಬೇಕು. ನಾನು ಬೇಕೆಂದೇ ಸುಮ್ಮನಿದ್ದೆ ಎಂದು ಬೀಗರು ಆಮೇಲೆ ಹೇಳಿದರು. ಇಲ್ಲ, ನನಗೂ ಹೊಳೆಯಲಿಲ್ಲ. ಹೊಳೆದಿದ್ದರೆ ಹೇಳುತ್ತಿದ್ದೆನೇ ಎಂದು ಕೇಳಿದರೆ ಅದು ಬೇರೆ ಮಾತು.

ಆ ದಿನ ವೀಸಾ ಕಚೇರಿಯ ಹೊರಗೆ ಮರದ ನೆರಳಲ್ಲಿ ಬೀಗರೂ ನಾನೂ ನಿಂತಿದ್ದೆವು. ಒಳಗೆ ಮಗಳನ್ನೂ ಅಳಿಯಂದಿರನ್ನೂ ಮಾತ್ರ ಬಿಟ್ಟರು. ಒಳಗೆ ನಡೆದದ್ದನ್ನು ಮಗಳೇ ಹೇಳಿದ್ದು.

ತಪಾಸಣೆಯ ಹತ್ತಿರ ಕಾವಲಿನ ಹೆಂಗಸು, ಕೈಯಲ್ಲಿರುವುದನ್ನೆಲ್ಲ ತೆಗೆದು ಟ್ರೇಗೆ ಹಾಕಿ ಎಂದಳಂತೆ. ವಾಚು ತೆಗೆದಳು. ಬಳೆ ತೆಗಿ ಎಂದಾಗ ಇವಳು, "ನೋ, ಕೆನಾಟ್" ಎಂದು ಕೈ ಎದೆಗೆ ಅವಚಿಕೊಂಡಳು. ಕೋಟಿನ ತೋಳು ಜಾರಿತು. ಆ ಹೆಂಗಸು ತಮಿಳಿನವಳು. ಬಳೆ ನೋಡಿದಳು, ಮುಖ ನೋಡಿದಳು, ಕೋಟಿನ ಕೆಳಗೆ ನೋಡಿದಳು.

"ಅಯ್ಯೋ ಕಣ್ಣು! ವಳೈಕಾಪ್ಪಾ?"

ತಮಿಳಿನವರಲ್ಲಿ ಕಣ್ಣು ಎಂದರೆ ನಾವು ಕಂದಾ ಎಂದ ಹಾಗೆ, ವಳೈಕಾಪ್ಪು ಎಂದರೆ ನಮ್ಮ ಬಳೆ ಶಾಸ್ತ್ರ. ಇಡೀ ಸಾಲಿಗೆ ಕೇಳಿಸುವ ಹಾಗೆ ಕೂಗಿದಳಂತೆ. ಎಷ್ಟು ತಿಂಗಳು ಎಂದು ಕೇಳಿದಳು, ಕುರ್ಚಿ ತಂದು ಹಾಕಿದಳು, ಕುಡಿಯಲು ನೀರು ಕೊಟ್ಟಳು, ಅಳಿಯಂದಿರಿಗೆ "ಏನು ಗಂಡನಪ್ಪಾ ನೀನು, ಇವಳನ್ನ ನಿಲ್ಲಿಸಿದೀಯಲ್ಲ" ಎಂದು ಬೈದಳು. ಬಿಡಲಿಲ್ಲ. ಒಳಗಿನವರಿಗೂ ಹೋಗಿ ಹೇಳಿದಳು: ಬಸುರಿ ಹೆಂಗಸು ಇದ್ದಾಳೆ, ಮೊದಲು ಇವಳನ್ನು ಕರೆಯಿರಿ. ಎಲ್ಲರನ್ನೂ ದಾಟಿಸಿ ಮರ್ಯಾದೆಯಿಂದ ಮೊದಲ ಕಿಟಕಿಗೆ ತಂದು ನಿಲ್ಲಿಸಿದರು.

ಕಿಟಕಿಯ ಆಚೆಯವನು ನಗುತ್ತಲೇ ಕೇಳಿದನಂತೆ, ಯಾವಾಗ ದಿನ? ಹೆರಿಗೆ ನಮ್ಮ ದೇಶದಲ್ಲೇ?

"ಜಲಪಾತ ಅನ್ಬೇಕು ಅಂತ ಬಾಯಿ ತೆಗೆದೆ ಅಮ್ಮಾ," ಎಂದಳು ಮಗಳು. "ಫೈಲು ಮುಂದಕ್ಕೆ ತಳ್ಳಿದೆ, ಬಳೆ ಘಲ್ ಅಂತು. ಅದು ನಕ್ಕ ಹಾಗಾಯ್ತು. ನಂಗೆ ಸುಳ್ಳು ಹೇಳಕ್ಕಾಗ್ಲಿಲ್ಲ. ಹೌದು, ಅಲ್ಲೇ ಹೆರಿಗೆ ಅಂತ ಮನೆಯವರು ಅಂದ್ಕೊಂಡಿದಾರೆ, ನನಗೆ ಇಷ್ಟ ಇಲ್ಲ, ನನ್ನಮ್ಮ ಇಲ್ಲೇ ಇದಾಳೆ ಅಂದೆ."

ಪಾಸ್‌ಪೋರ್ಟನ್ನು ಅವನು ಮೆಲ್ಲಗೆ ವಾಪಸ್ ತಳ್ಳಿದ. ಈ ಕಾರಣಕ್ಕೆ ವೀಸಾ ಕೊಡುವುದಿಲ್ಲ, ಆರೋಗ್ಯ ನೋಡಿಕೊಳ್ಳಿ ಎಂದ. ಆ ದೇಶದ ಬಗ್ಗೆ ನಾನು ಒಪ್ಪುವ ಮಾತು ಇದೊಂದೇ.

ಹೊರಗೆ ಬಂದವಳು ಕೋಟು ಕಿತ್ತು ಅಳಿಯಂದಿರ ಕೈಗೆ ತುರುಕಿದಳು. ಮೈ ತುಂಬ ಬೆವರು, ಮುಖ ಮಾತ್ರ ಹಬ್ಬದ ದಿನದ ಹಾಗೆ. ವಿಷಯ ತಿಳಿದಾಗ ಬೀಗರ ಮುಖದ ಬಣ್ಣ ಬದಲಾಯಿತು.

"ಬಳೆ! ಬರೀ ಗಾಜಿನ ಬಳೆಗೋಸ್ಕರ ಅಮೆರಿಕದ ಪಾಸ್‌ಪೋರ್ಟ್ ಹೋಯ್ತು! ಇದು ನಿಮ್ಮ ಕೆಲಸ. ತವರಿನವರು ನೀವೇ ತಾನೇ ತೊಡ್ಸಿದ್ದು?"

"ನಿಮ್ಮ ಮನೆ ಮಣೆ ಮೇಲೆ, ನಿಮ್ಮ ಟಿವಿ ಮುಂದೆ, ನೀವೇ ಅಕ್ಷತೆ ಹಾಕಿದ್ರಿ" ಎಂದೆ. "ಹೊರಗಿನವ್ರನ್ನ ಬಿಟ್ಕೋಬಾರ್ದು ಅಂದ್ರಿ. ಬಿಟ್ಕೊಳ್ಳಿಲ್ಲ. ನಿಮ್ಮ ಪಕ್ಷ ಗೆದ್ದಿದೆ ಬೀಗರೇ, ಚಪ್ಪಾಳೆ ತಟ್ಟಿ."

ಅವರು ತಟ್ಟಲಿಲ್ಲ. ಅವತ್ತಿನಿಂದ ನಮ್ಮ ಮನೆಯ ಹೊಸಿಲು ತುಳಿಯಲಿಲ್ಲ. ಬೀಗಿತ್ತಿ ಬರುತ್ತಿದ್ದರು, ಸೊಸೆಗೆ ಹಣ್ಣು ತರುತ್ತಿದ್ದರು. ಕೇಳಿದರೆ, "ಅವರು ಟಿವಿ ಜೊತೆ ಇದಾರೆ" ಎನ್ನುತ್ತಿದ್ದರು. ನಮ್ಮ ಯಜಮಾನರಿಗೆ ಜಗಳಕ್ಕೆ ಜೊತೆ ಇಲ್ಲದೆ ಅಮೆರಿಕವೇ ರುಚಿಸದಾಯಿತು. ಮಾಮಕ್ ಅಂಗಡಿಯಲ್ಲಿ ಫುಟ್‌ಬಾಲ್ ನೋಡಲು ಶುರು ಮಾಡಿದರು. ಇಷ್ಟೇ ಆ ಕತ್ತೆ ಪಕ್ಷದ ನಿಷ್ಠೆ.

ಮಗಳು ತವರಿಗೆ ಬಂದಳು. ಅವಳು ಮಗ್ಗುಲು ಬದಲಿಸಿದರೆ ಬಳೆ ಸದ್ದು, ನೀರು ಕುಡಿದರೆ ಬಳೆ ಸದ್ದು. ನಿನ್ನೆ ಮುಂಜಾನೆ ಆ ಸದ್ದು ಕೇಳಿಯೇ ನನಗೆ ಎಚ್ಚರವಾಯಿತು. ಗೋಡೆ ಹಿಡಿದು ನಿಂತಿದ್ದಳು. ಆಸ್ಪತ್ರೆಗೆ ಹತ್ತು ನಿಮಿಷದ ದಾರಿ. ಒಬ್ಬರಿಗೇ ಒಳಗೆ ಬರಲು ಅವಕಾಶ ಎಂದಾಗ ಅಳಿಯಂದಿರು ನನ್ನ ಕಡೆ ನೋಡಿದರು. "ನೀವೇ ಹೋಗಿ ಅತ್ತೆ, ಅವ್ಳು ನಿಮ್ಮನ್ನೇ ಕೇಳ್ತಿದಾಳೆ" ಎಂದರು. ನೋವು ಏರುವ ಹೊತ್ತಿನಲ್ಲಿ ನಾನು ಅವಳ ಕೈ ಹಿಡಿದೇ ಇದ್ದೆ. ಎರಡು ಬಳೆ ನನ್ನ ಅಂಗೈಯಲ್ಲೇ ಒಡೆದವು. ಕೊನೆ ಗಳಿಗೆಯಲ್ಲಿ ಡಾಕ್ಟರಮ್ಮ ನನ್ನನ್ನು ಹೊರಗೆ ಕಳಿಸಿ ಅಳಿಯಂದಿರನ್ನು ಕರೆದಳು, ತಂದೆಯಾದವನು ನೋಡಲಿ ಎಂದು. ಅದೂ ಸರಿಯೇ. ಹತ್ತು ಹೆಜ್ಜೆ ದೂರದ ಕುರ್ಚಿಯಲ್ಲಿ ಕೂತೆ. ಅಳು ಕೇಳಿಸಿತು.

ಹೆರಿಗೆ ಮಾಡಿಸಿದವಳಿಗೆ ಆ ಬಳೆ ಕೊಡುವುದು ನಮ್ಮಮ್ಮ ಮಾಡುತ್ತಿದ್ದ ಪದ್ಧತಿ. ಮಗಳ ಕೈಯಿಂದ ಒಂದೊಂದಾಗಿ ತೆಗೆದು ನರ್ಸಮ್ಮನಿಗೆ ಕೊಟ್ಟೆ. ಅವಳು ಮಲಾಯ್ ಹುಡುಗಿ, ತಲೆಗೆ ನೀಲಿ ವಸ್ತ್ರ. ತೊಟ್ಟುಕೊಂಡು ಕೈ ಅಲ್ಲಾಡಿಸಿ ಸದ್ದು ಕೇಳಿ ನಕ್ಕಳು. ಎರಡನ್ನು ಕರವಸ್ತ್ರದಲ್ಲಿ ಕಟ್ಟಿ ಇಟ್ಟಿದ್ದೇನೆ. ಅವು ವೀಸಾ ಕಚೇರಿಯ ಬಾಗಿಲಲ್ಲಿ ನಿಲ್ಲುವ ಆ ತಮಿಳು ಹೆಂಗಸಿಗೆ. ಈ ಹೆರಿಗೆಯನ್ನು ಅರ್ಧ ಮಾಡಿಸಿದವಳು ಅವಳೇ.

ನಿನ್ನೆ ಸಂಜೆ ಆರರ ಹೊತ್ತಿಗೆ ಆಸ್ಪತ್ರೆಯ ಕೋಣೆಯ ಬಾಗಿಲು ತಟ್ಟಿದ ಸದ್ದಾಯಿತು. ಬೀಗಿತ್ತಿ ಒಳಗೆ ಬಂದರು. ಅವರ ಹಿಂದೆ ಬೀಗರು, ಎರಡು ಕೈಯಲ್ಲೂ ಮಾಮಕ್ ಅಂಗಡಿಯ ಪೊಟ್ಟಣಗಳು. ಕಟ್ಟಿಸಿಕೊಂಡು ಬಂದ ರೊಟ್ಟಿ, ಸಾರು, ಚಹಾ. ನನ್ನ ಮುಖ ನೋಡಲಿಲ್ಲ. ನೇರ ತೊಟ್ಟಿಲ ಹತ್ತಿರ ಹೋದರು. ಬಗ್ಗಿದರು. ಬಹಳ ಹೊತ್ತು ಬಗ್ಗಿಯೇ ಇದ್ದರು.

"ಇದು ನಮ್ಮಮ್ಮನ ಮೂಗು" ಎಂದರು.

"ಮೂಗಿಗೆ ವೀಸಾ ಕೇಳ್ಲಿಲ್ಲ ನೋಡಿ" ಎಂದೆ. ಬಿಡಲು ಮನಸ್ಸಾಗಲಿಲ್ಲ.

ಅವರು ತಿರುಗಿ ನೋಡಿ, "ಎತ್ಕೊಳ್ಳಾ?" ಎಂದು ನನ್ನನ್ನೇ ಕೇಳಿದರು. ಕೈ ತೊಳೆದು ಬನ್ನಿ ಎಂದೆ. ದೊಡ್ಡ ಕುರ್ಚಿಯ ಮೇಲೆ ಕೂತಿದ್ದವರು ಹೋಗಿ ಸೋಪು ಹಾಕಿ ಮೊಣಕೈವರೆಗೆ ತೊಳೆದು ಬಂದರು. ಮಗುವನ್ನು ಮಡಿಲಲ್ಲಿ ಇಟ್ಟೆ. ಅದು ಅವರ ಬೆರಳು ಹಿಡಿದುಕೊಂಡು, ಇಡೀ ಕೋಣೆಗೆ ಕೇಳುವ ಹಾಗೆ ಅತ್ತಿತು.

"ಇವಳು ಭಾಷಣ ಮಾಡ್ತಾಳೆ" ಎಂದರು ನಮ್ಮ ಯಜಮಾನರು. "ಯಾವ ಪಕ್ಷ ಅಂತ ಕೇಳಿ."

"ರೀ!" ಎಂದು ಬೀಗಿತ್ತಿಯೂ ನಾನೂ ಒಟ್ಟಿಗೆ ಗದರಿದೆವು.

ಹಾಸಿಗೆಯ ಪಕ್ಕದ ಚಿಕ್ಕ ಮೇಜಿನ ಮೇಲೆ ಪತ್ರಿಕೆ ಹರಡಿ ಊಟಕ್ಕೆ ಕೂತೆವು. ಬಾಣಂತಿಗೆಂದು ಮನೆಯಿಂದ ಮೆಣಸಿನ ಸಾರು, ಮೆತ್ತನೆಯ ಅನ್ನ, ಸುಟ್ಟ ಬೆಳ್ಳುಳ್ಳಿ ತಂದಿದ್ದೆ. ಮಗಳಿಗೆ ತುಪ್ಪ ಹಾಕಿ ಕಲಸಿ ನಾನೇ ತುತ್ತು ಕೊಟ್ಟೆ. ಬರಿಗೈ ಆಗಿದ್ದಕ್ಕೆ ಅವಳು ಪದೇ ಪದೇ ಮಣಿಕಟ್ಟು ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಅಳಿಯಂದಿರು ಪೊಟ್ಟಣ ಬಿಚ್ಚಿ ಎಲ್ಲರಿಗೂ ರೊಟ್ಟಿ ಹಂಚಿದರು. ಯಜಮಾನರು ರೊಟ್ಟಿ ಮೆತ್ತಗಾಗಿದೆ ಎಂದು ಅಡುಗೆಯವರ ಹಾಗೆ ಮೂತಿ ತಿರುಗಿಸಿ ಮೂರು ತಿಂದರು. ಬೀಗರು ಒಂದು ಕೈಯಲ್ಲಿ ಮಗು ಹಿಡಿದು, ಇನ್ನೊಂದರಲ್ಲಿ ತಟ್ಟೆಯನ್ನು ನನ್ನ ಕಡೆ ಚಾಚಿದರು.

"ಆ ಬಾಣಂತಿ ಸಾರು ಸ್ವಲ್ಪ ಇದ್ರೆ ಹಾಕಿ ಬೀಗಿತ್ತಿ. ವಾಸನೆಗೇ ಬಾಯಲ್ಲಿ ನೀರು ಬರ್ತಿದೆ."

ಹಾಕಿದೆ, ಎರಡು ಸೌಟು.